ಜಿಮ್ನಿಗೆ ದೊಡ್ಡ ಟೈರ್: ಎತ್ತರ ಎಷ್ಟು, ಬೆಲೆ ಎಷ್ಟು

ಮಳೆಗಾಲಕ್ಕೆ ಮುನ್ನ ಮೂಡಿಗೆರೆ, ಸಕಲೇಶಪುರದ ಕಡೆಯ ತೋಟಗಳಿಂದ ನಮ್ಮ ವರ್ಕ್‌ಶಾಪಿಗೆ ಬರುವ ಮಾರುತಿ ಜಿಮ್ನಿ ಮಾಲೀಕರಲ್ಲಿ ಹೆಚ್ಚಿನವರು 235/75 ಆರ್15 ಅಳತೆಯ (ಅಗಲ 235 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 75, ರಿಮ್ಮಿನ ವ್ಯಾಸ 15 ಇಂಚು) ಟೈರನ್ನು ಮೊದಲೇ ನಿಶ್ಚಯಿಸಿಕೊಂಡಿರುತ್ತಾರೆ. ಯಾಕೆ ಬೇಕು ಎಂದರೆ ಎತ್ತರಕ್ಕೆ ಎನ್ನುತ್ತಾರೆ. ಹಾಗಿದ್ದರೆ ಎತ್ತರದ ಲೆಕ್ಕವನ್ನೇ ಮೊದಲು ನೋಡೋಣ.

ಕಂಪನಿ ಕೊಡುವ 195/80 ಆರ್15 ಟೈರಿನ ವ್ಯಾಸ ಸುಮಾರು 693 ಮಿ.ಮೀ., 235/75ರದ್ದು ಸುಮಾರು 733. ವ್ಯಾಸ 40 ಮಿ.ಮೀ. ಹೆಚ್ಚಿದರೂ ನೆಲದಿಂದ ಗಾಡಿ ಏಳುವುದು ಅದರ ಅರ್ಧ, ಅಂದರೆ 20 ಮಿ.ಮೀ. ಮಾತ್ರ. ಆದರೆ ಈ 20 ಮಿ.ಮೀ. ಅನ್ನು ಹಗುರವಾಗಿ ಕಾಣುವಂತಿಲ್ಲ. ಜಿಮ್ನಿಯ ಮುಂದೆಯೂ ಹಿಂದೆಯೂ ಇರುವುದು ಒಂದೇ ತುಂಡಿನ ಆಕ್ಸಲ್ ಆದ್ದರಿಂದ, ಸ್ಪ್ರಿಂಗ್ ಎತ್ತರಿಸುವ ಲಿಫ್ಟ್ ಕಿಟ್ ಬಾಡಿಯನ್ನು ಮೇಲಕ್ಕೆತ್ತಬಲ್ಲುದೇ ಹೊರತು, ಕಲ್ಲಿಗೆ ಮೊದಲು ತಗಲುವ ಡಿಫರೆನ್ಷಿಯಲ್ ಹೌಸಿಂಗನ್ನು (ಆಕ್ಸಲ್ ಮೇಲೆ ಉಬ್ಬಿಕೊಂಡಿರುವ ಗೇರುಗಳ ಡಬ್ಬಿ) ಎತ್ತಲಾರದು. ಅದನ್ನು ಎತ್ತುವುದು ಟೈರೊಂದೇ.

ಇದಕ್ಕೆ ತೆರುವ ಬೆಲೆ ಗೇರಿನಲ್ಲಿದೆ. ಚಕ್ರದ ವ್ಯಾಸ ಶೇ. 5.8ರಷ್ಟು ಹೆಚ್ಚಿದಾಗ ನೆಲವನ್ನು ತಳ್ಳುವ ಬಲ ಶೇ. 5.5ರಷ್ಟು ಕುಗ್ಗುತ್ತದೆ, ಮತ್ತು 1.5 ಲೀಟರ್ ಪೆಟ್ರೋಲ್ ಎಂಜಿನ್‌ನಲ್ಲಿ ಈ ಕೊರತೆ ಘಾಟಿಯ ಏರಿನಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ. ಟೈರಿನ ತೂಕವೂ ಹೆಚ್ಚುವುದರಿಂದ ಬ್ರೇಕಿಗೂ ಸ್ಟೇರಿಂಗ್ ಕೀಲುಗಳಿಗೂ ಹೊರೆ ಬೀಳುತ್ತದೆ. ಇನ್ನು ಮೈಲೇಜ್ ಬಿದ್ದುಹೋಯಿತು ಎಂಬ ದೂರಿನಲ್ಲಿ ಒಂದು ಪಾಲು ಬರಿಯ ಲೆಕ್ಕದ ತಪ್ಪು: ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ, ಮೀಟರ್ 1,000 ಕಿ.ಮೀ. ತೋರಿಸುವಾಗ ಗಾಡಿ ಅದಕ್ಕಿಂತ 50 ಕಿ.ಮೀ.ಗೂ ಹೆಚ್ಚು ಓಡಿರುತ್ತದೆ.

ಗ್ರಾಹಕರು ಕೇಳದೇ ಬಿಡುವ ಪ್ರಶ್ನೆ ರಿಮ್ಮಿನದು. ಜಿಮ್ನಿಯ ರಿಮ್ಮಿನ ಅಗಲ 5.5 ಇಂಚು, 215/75 ಟೈರಿಗೆ ಅದು ಸಾಲುತ್ತದೆ, 235/75ಕ್ಕೆ ಕನಿಷ್ಠ 6 ಇಂಚು ಬೇಕು. ಕಿರಿದಾದ ರಿಮ್ಮಿಗೆ ಕೂರಿಸಿದ ಅಗಲದ ಟೈರಿನ ನಡುಭಾಗ ಉಬ್ಬಿ ಅಲ್ಲೇ ಬೇಗ ಸವೆಯುತ್ತದೆ, ತಿರುವಿನಲ್ಲಿ ಓಲಾಡುತ್ತದೆ. ಟೈರ್ ಹೊರಬಲ್ಲ ಭಾರವನ್ನು ಸೂಚಿಸುವ ಲೋಡ್ ಇಂಡೆಕ್ಸ್ ಕೂಡ ಮೂಲ ಟೈರಿನದಕ್ಕಿಂತ ಕಡಿಮೆಯಾಗಬಾರದು. ಮೂಲ ವಿವರಗಳಿಗಿಂತ ಭಿನ್ನವಾಗಿ ಗಾಡಿಯನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂನ ನಿರ್ಬಂಧವಿದೆ. ಆದ್ದರಿಂದ ಲಿಫ್ಟ್ ಕಿಟ್ಟಿಗೆ ಕೈಹಾಕುವ ಮುನ್ನ ಆರ್‌ಟಿಒ ಮತ್ತು ವಿಮಾ ಕಂಪನಿಯನ್ನು ವಿಚಾರಿಸುವುದು ಒಳ್ಳೆಯದು.

ನನ್ನನ್ನು ಕೇಳಿದರೆ, ತೋಟದ ಗಾಡಿಗೆ 215/75 ಆಲ್-ಟೆರೇನ್ ಟೈರ್ ಸಾಕು. ಅದರಿಂದ ಎತ್ತರ ಸಿಗುವುದು 5 ಮಿ.ಮೀ. ಮಾತ್ರ ಎಂಬುದು ನಿಜ, ಆದರೆ ಮಲೆನಾಡಿನ ಕೆಮ್ಮಣ್ಣಿನ ಜಾರಿನಲ್ಲಿ ಗಾಡಿ ಸಿಕ್ಕಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಎತ್ತರದ ಕೊರತೆಗಿಂತ ಟೈರಿನ ಬಟನ್ (ಮೇಲ್ಮೈಯ ಉಬ್ಬು ಕಟ್ಟೆ) ಸಂದುಗಳಲ್ಲಿ ಕೆಸರು ತುಂಬಿ ಹಿಡಿತ ತಪ್ಪುವುದೇ ಕಾರಣ. ಕೆಸರಿನ ದಾರಿಗಿಳಿಯುವಾಗ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿ, ಡಾಂಬರಿಗೆ ಮರಳಿದ ಕೂಡಲೇ ಮತ್ತೆ ತುಂಬಿಸಿದರೆ ಆಗುವ ಉಪಕಾರ ದೊಡ್ಡದು, ಖರ್ಚು ಒಂದು ಸಣ್ಣ ಪಂಪಿನದು. ಬಂಡೆಗಳ ದಾರಿಯಲ್ಲೇ ನಿತ್ಯ ಓಡಾಡುವವರು ಮಾತ್ರ ರಿಮ್ ಸಹಿತ 235ಕ್ಕೆ ಹೋಗಲಿ. ಅವರು ಹಣ ಕೊಡುವ ಮುನ್ನ ಒಂದು ಚಕ್ರವನ್ನು ದಿಣ್ಣೆ ಹತ್ತಿಸಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರ್ ಎಲ್ಲಿಯೂ ಉಜ್ಜುತ್ತಿಲ್ಲವೆಂದು ಕಣ್ಣಾರೆ ನೋಡಿಕೊಳ್ಳಬೇಕು.

ಕೊಳ್ಳುವುದಾದರೆ ಐದು ಟೈರ್ ಕೊಳ್ಳಿ. ಹಳೆಯ ಅಳತೆಯ ಸ್ಟೆಪ್ನಿ ಹಾಕಿಕೊಂಡು ಫೋರ್-ವೀಲ್‌ನಲ್ಲಿ ಗಟ್ಟಿ ರಸ್ತೆಯ ಮೇಲೆ ಓಡಿಸಿದರೆ, ಚಕ್ರಗಳ ಸುತ್ತಿನ ವ್ಯತ್ಯಾಸದ ಪೆಟ್ಟು ನೇರವಾಗಿ ಟ್ರಾನ್ಸ್‌ಫರ್ ಕೇಸಿಗೆ, ಅಂದರೆ ಎಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಗೇರ್ ಪೆಟ್ಟಿಗೆಗೆ, ಬೀಳುತ್ತದೆ.