ಮಂಟಪ, ಸುತ್ತಿಗೆ, ಗಾರೆ: ಕುಡಿದವರ ಇಂಗ್ಲಿಷ್

‘ನಿನ್ನೆ ರಾತ್ರಿ ಪೂರ್ತಿ ಗೆಜೀಬೋಡ್ ಆಗಿದ್ದೆ.’ ಬ್ರಿಟನ್ನಿನಲ್ಲಿ ಯಾರಾದರೂ ಹೀಗಂದರೆ ಗೆಳೆಯರು ಅರ್ಥ ಕೇಳುವುದಿಲ್ಲ. ಗೆಜೀಬೋ ಅಂದರೆ ತೋಟದಲ್ಲಿ ಕಟ್ಟುವ ಪುಟ್ಟ ಮಂಟಪ. ಕುಡಿತಕ್ಕೂ ಅದಕ್ಕೂ ನಂಟೇ ಇಲ್ಲ. ಆದರೂ ಕಂಠಪೂರ್ತಿ ಕುಡಿದಿದ್ದ ಅಂತ ತಕ್ಷಣ ಗೊತ್ತಾಗುತ್ತದೆ. ಹೇಗೆ?

ಕೆಲವು ಪದಗಳ ಕಾರಣ ಮೈಯಲ್ಲೇ ಇದೆ. ‘ಲೆಗ್‌ಲೆಸ್’ ಅಂದರೆ ಕಾಲಿಲ್ಲದವನು. ನಡಿಗೆಯ ಹದ ಕಾಯುವುದು ತಲೆಯ ಹಿಂಭಾಗದ ಕಿರುಮೆದುಳು. ಆಲ್ಕೋಹಾಲ್ ಅದನ್ನು ಮಂಕಾಗಿಸಿದರೆ ಕಾಲು ಮಾತು ಕೇಳುವುದಿಲ್ಲ. ಒಳಗಿವಿಯ ಕಥೆ ಇನ್ನೂ ಸೊಗಸು. ತಲೆ ತಿರುಗಿದ್ದನ್ನು ತಿಳಿಸುವ ಲೋಳೆಯಂಥ ಪುಟ್ಟ ಪರದೆ ಅಲ್ಲಿ ದ್ರವದೊಳಗೆ ನಿಂತಿರುತ್ತದೆ. ರಕ್ತದಲ್ಲಿರುವ ಆಲ್ಕೋಹಾಲ್ ಮೊದಲು ಪರದೆಗೆ ಇಳಿಯುತ್ತದೆ, ದ್ರವಕ್ಕೆ ಆಮೇಲೆ. ಆಲ್ಕೋಹಾಲ್ ನೀರಿಗಿಂತ ಹಗುರ, ಅಲ್ವಾ? ಹಗುರಾದ ಪರದೆ ತೇಲಿ ಬಾಗುತ್ತದೆ. ಸುಮ್ನೆ ಮಲಗಿದವನಿಗೂ ಕೋಣೆ ಗಿರಗಿರ ಸುತ್ತುತ್ತದೆ.

ಹಡಗಿನವರ ‘ಥ್ರೀ ಶೀಟ್ಸ್ ಟು ದ ವಿಂಡ್’ ಕೂಡ ಇಂಥದ್ದೇ. ಇಲ್ಲಿ ಶೀಟ್ ಅಂದರೆ ಹಾಯಿ ಅಲ್ಲ, ಹಾಯಿಯನ್ನು ಹಿಡಿದಿಡುವ ಹಗ್ಗ. ಮೂರು ಹಗ್ಗ ಬಿಚ್ಚಿಕೊಂಡರೆ ಹಡಗು ತೂರಾಡುತ್ತದೆ.

ಆದರೆ ಮಂಟಪಕ್ಕೆ ಇಂಥ ಕಾರಣ ಇಲ್ಲ. ಸುತ್ತಿಗೆಯಿಂದ ‘ಹ್ಯಾಮರ್ಡ್’, ಗಾರೆಯಿಂದ ‘ಪ್ಲಾಸ್ಟರ್ಡ್’, ತಳ್ಳುಗಾಡಿಯಿಂದ ‘ಟ್ರಾಲೀಡ್’. ಜರ್ಮನಿಯ ಇಬ್ಬರು ಭಾಷಾವಿಜ್ಞಾನಿಗಳು ಇದನ್ನೇ ಹಿಡಿದು ಹೊರಟರು. ಇಂಗ್ಲಿಷಿನಲ್ಲಿ ಕುಡಿದವನಿಗೆ ಅವರು ಪಟ್ಟಿ ಮಾಡಿದ ಪದಗಳು 546! ಅವರ ಉತ್ತರ ನನಗೆ ತುಂಬಾ ಹಿಡಿಸಿತು. ಅರ್ಥ ಇರುವುದು ಪದದಲ್ಲಲ್ಲ, ಅಚ್ಚಿನಲ್ಲಿ. ಮುಂದೆ ‘ಟೋಟಲಿ’, ಕೊನೆಗೆ ‘ಡ್’, ಜೊತೆಗೆ ರಾತ್ರಿ, ಪಬ್ಬು, ಗೆಳೆಯರ ಮಾತು. ಇಷ್ಟು ಗೊತ್ತಿದ್ದರೆ ನಡುವೆ ಯಾವ ಪದ ತುಂಬಿದರೂ ಕೇಳುವವರು ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮ ‘ಎಣ್ಣೆ’ಯನ್ನೇ ನೋಡಿ. ಅಡುಗೆಮನೆಯಲ್ಲಿ ಅದು ಕಡಲೆಕಾಯಿಯದು. ‘ರಾತ್ರಿ ಎಣ್ಣೆ ಜಾಸ್ತಿ ಆಯ್ತು’ ಅಂದರೆ ಯಾರೂ ಬಾಣಲೆ ನೆನೆಸಿಕೊಳ್ಳುವುದಿಲ್ಲ.

ಆಸ್ಟ್ರೇಲಿಯದ ಪದಗಳಿಗೆ ಬೇರೆಯೇ ರುಚಿ. ‘ಗೂಗ್‌ನಷ್ಟು ಫುಲ್’ ಅನ್ನುತ್ತಾರೆ. ಗೂಗ್ ಅಂದರೆ ಮೊಟ್ಟೆ, ಒಳಗೆಲ್ಲ ತುಂಬಿಕೊಂಡದ್ದು. ಆಸ್ಟ್ರೇಲಿಯನ್ ಚಾಂಪಿಯನ್‌ಶಿಪ್ಪನ್ನು 3 ಬಾರಿ ಗೆದ್ದ ಟೆನಿಸ್ ಆಟಗಾರ ಏಡ್ರಿಯನ್ ಕ್ವಿಸ್ಟ್ ಅವರ ಹೆಸರೂ ಕುಡಿದವನಿಗೆ ಅಂಟಿಕೊಂಡಿತು. ಕುಡಿದವನಿಗೆ ಹೇಳುವ ‘ಪಿಸ್ಟ್’ ಎಂಬ ಪದಕ್ಕೆ ಕ್ವಿಸ್ಟ್ ಪ್ರಾಸ, ಅಷ್ಟೇ ಕಾರಣ. ಅಲ್ಲಿನ ಹಲವು ರಾಜ್ಯಗಳಲ್ಲಿ 1916ರಿಂದ ಪಬ್ಬುಗಳು ಸಂಜೆ 6ಕ್ಕೇ ಮುಚ್ಚುತ್ತಿದ್ದವು. ಕೆಲಸ ಮುಗಿಸಿ ಬಂದವರು ಉಳಿದ ಅಷ್ಟು ಹೊತ್ತಿನಲ್ಲೇ ಗಟಗಟ ಸುರಿದುಕೊಳ್ಳುತ್ತಿದ್ದರು. ಈ ನಿಯಮ ಸಿಡ್ನಿಯಲ್ಲಿ 1955ರವರೆಗೆ, ಮೆಲ್ಬರ್ನ್‌ನಲ್ಲಿ 1966ರವರೆಗೆ ಇತ್ತು. ಆ ಅವಸರದ ಕುಡಿತಕ್ಕೂ ಒಂದು ಹೆಸರು ಬಂತು: ‘ಸಿಕ್ಸ್ ಓ ಕ್ಲಾಕ್ ಸ್ವಿಲ್’. ಸ್ವಿಲ್ ಅಂದರೆ ಹಂದಿಗೆ ಹಾಕುವ ಕಲಗಚ್ಚು.

ಇಂಥ ಪದಗಳು ಬೇಗ ಹಳತಾಗುತ್ತವೆ. 19ನೇ ಶತಮಾನದ ಇಂಗ್ಲಿಷಿನಲ್ಲಿ ಕುಡಿದವನು ‘ಟೈಟ್’. ಇಂದು ಬ್ರಿಟನ್ನಿನಲ್ಲಿ ಅದು ಅಜ್ಜಂದಿರ ಕಾಲದ ಮಾತು. ನಮ್ಮಲ್ಲಿ ಮಾತ್ರ ಆತ ಈಗಲೂ ‘ಫುಲ್ ಟೈಟ್’.