ಡೋರಿನೊಳಗಿನ ನೀರು ಮತ್ತು ಪಿಕಪ್ ಸ್ಪೀಕರ್

ಸ್ಪೀಕರ್ ಹಾಕಿಸಲು ಬಂದ ಪಿಕಪ್ಪಿನಲ್ಲಿ ನಾನು ಮೊದಲು ನೋಡುವುದು ಡೋರಿನ ತಳದ ಅಂಚಿನಲ್ಲಿರುವ ಸಣ್ಣ ತೂತುಗಳನ್ನು. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಅಡಿಕೆ ಹೇರಿಕೊಂಡು ಶಿವಮೊಗ್ಗದ ಮಂಡಿಗೆ ಬರುವ ಗಾಡಿಗಳಲ್ಲಿ ಎಷ್ಟೋ ಸಲ ಅವು ಕೆಂಪು ಮಣ್ಣು ಮೆತ್ತಿ ಮುಚ್ಚಿಹೋಗಿರುತ್ತವೆ. ಮೊದಲು ಅದನ್ನು ಕೆದಕಿ ತೆಗೆಯಬೇಕು, ಉಳಿದ ಮಾತು ಆಮೇಲೆ.

ಗ್ಲಾಸಿನ ಹೊರಗಿನ ರಬ್ಬರ್ ಬೀಡಿಂಗ್ ಮಳೆಯನ್ನು ಪೂರ್ತಿ ತಡೆಯುವುದಿಲ್ಲ. ನೀರು ಗ್ಲಾಸಿನ ಗುಂಟ ಡೋರಿನೊಳಗೆ ಇಳಿದು ಈ ತೂತುಗಳಿಂದ ಹೊರಗೆ ಹೋಗುತ್ತದೆ; ಡೋರ್ ಮಾಡಿರುವುದೇ ಹಾಗೆ. ಆ ನೀರು ಕ್ಯಾಬಿನ್ನಿಗೆ ಬರದಂತೆ ಕಾಯುವುದು ಡೋರ್ ಪ್ಯಾಡಿನ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಶೀಟು. ಅವಸರದ ಕೈಗಳು ಮೊದಲು ಹರಿದು ಬಿಸಾಡುವುದೂ ಅದನ್ನೇ. ಮುಂದಿನ ಮಳೆಗಾಲಕ್ಕೆ ಕಾಲಡಿಯ ಮ್ಯಾಟ್ ಒದ್ದೆ, ಪ್ಯಾಡ್ ಉಬ್ಬಿ ಕ್ಲಿಪ್ ಬಿಟ್ಟಿರುತ್ತದೆ, ಸ್ಪೀಕರ್ ಗರಗರ ಅನ್ನುತ್ತದೆ. "ಮಾಲೇ ಸರಿಯಿಲ್ಲ ಮಾರಾಯ್ರೆ" ಅಂತ ಬೈಸಿಕೊಳ್ಳುವುದು ಮಾತ್ರ ಸ್ಪೀಕರ್. ಶೀಟನ್ನು ಬ್ಲೇಡಿನಿಂದ ನಿಧಾನವಾಗಿ ಬಿಡಿಸಿ, ಸ್ಪೀಕರಿನಷ್ಟೇ ಅಗಲ ಕತ್ತರಿಸಿ, ಅಂಚನ್ನು ಬ್ಯೂಟೈಲ್ ಟೇಪಿನಿಂದ (ನೀರು ತಡೆಯುವ ಅಂಟು ರಬ್ಬರ್ ಪಟ್ಟಿ) ಮತ್ತೆ ಅಂಟಿಸಿ.

ಸ್ಪೀಕರ್ ಕೂರುವ ಜಾಗದ ಆಳ ಅಳೆಯುವಾಗ ಗ್ಲಾಸ್ ಪೂರ್ತಿ ಕೆಳಗಿಳಿದಿರಬೇಕು, ಇಲ್ಲದಿದ್ದರೆ ಆಮೇಲೆ ಅದು ಮ್ಯಾಗ್ನೆಟ್ಟಿಗೆ ತಾಗಬಹುದು. ಆರೂವರೆ ಇಂಚಿನ ಸ್ಪೀಕರಿನ ಮ್ಯಾಗ್ನೆಟ್ 55ರಿಂದ 70 ಮಿ.ಮೀ.ವರೆಗೂ ಹಿಂದಕ್ಕೆ ಚಾಚಿರುತ್ತದೆ. ಜಾಗ ಸಾಲದಿದ್ದರೆ ತಗಡಿಗೂ ಸ್ಪೀಕರಿಗೂ ನಡುವೆ ಒಂದು ರಿಂಗ್ ಬೇಕು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ರಿಂಗ್ ಒಣ ಊರಿಗೆ ಸರಿ, ನಮ್ಮಲ್ಲಿ ಬೇಡ. ನೀರು ಕುಡಿದು ಉಬ್ಬುತ್ತದೆ, ಆಮೇಲೆ ಸ್ಕ್ರೂ ಹಿಡಿಯುವುದಿಲ್ಲ. ಬಣ್ಣ ಹೊಡೆದ ಮರೈನ್ ಪ್ಲೈವುಡ್ ಪರವಾಗಿಲ್ಲ. ನನಗೆ ಇಷ್ಟವಾದದ್ದು ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಬೋರ್ಡ್. ಜಿಗ್‌ಸಾದಲ್ಲಿ ಸಲೀಸಾಗಿ ಕತ್ತರಿಸಬಹುದು, ಎಷ್ಟು ನೀರು ಬಿದ್ದರೂ ಏನೂ ಆಗುವುದಿಲ್ಲ.

ತಗಡು ಕೊರೆಯುವಾಗ ಸ್ಪೀಕರನ್ನು ದೂರ ಇಡಿ. ಕಬ್ಬಿಣದ ಚೂರು ಮ್ಯಾಗ್ನೆಟ್ಟಿಗೆ ಹಿಡಿದರೆ ಬಿಡುವುದಿಲ್ಲ. ಕೊರೆದ ಅಂಚಿಗೆಲ್ಲ ರೆಡ್ ಆಕ್ಸೈಡ್ ಬಳಿಯಿರಿ, ಇಲ್ಲಿನ ಗಾಳಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ.

ಇನ್ನು ಸ್ಪೀಕರಿನ ಬೆನ್ನು. ಗದ್ದೆಗೆ ಹೋಗುವವರು ಕಂಬಳಿ ಕೊಪ್ಪೆ ಹಾಕಿಕೊಳ್ಳುವ ಹಾಗೆ ಮ್ಯಾಗ್ನೆಟ್ಟಿನ ಮೇಲರ್ಧಕ್ಕೆ ಫೋಮ್ ಅಥವಾ ಪ್ಲಾಸ್ಟಿಕ್ಕಿನ ಒಂದು ಮರೆ ಕಟ್ಟಿ. ಪೂರ್ತಿ ಮುಚ್ಚಿದರೆ ಒಳಗೇ ನೀರು ನಿಲ್ಲುತ್ತದೆ, ಕೆಳಗಡೆ ತೆರೆದಿರಲಿ. ವೈರ್ ಟರ್ಮಿನಲ್ಲಿಗಿಂತ ಕೆಳಕ್ಕೆ ಒಮ್ಮೆ ಜೋತುಬಿದ್ದು ಮೇಲೆ ಬರಬೇಕು. ಹಾಗಿದ್ದರೆ ವೈರಿನ ಗುಂಟ ಬಂದ ಹನಿ ಬಾಗಿದ ಜಾಗದಲ್ಲೇ ಉದುರುತ್ತದೆ. ಡೋರಿನಿಂದ ಕ್ಯಾಬಿನ್ನಿಗೆ ವೈರ್ ದಾಟಿಸುವುದು ಡೋರಿಗೂ ಬಾಡಿಗೂ ನಡುವೆ ಕಂಪನಿಯೇ ಹಾಕಿರುವ ರಬ್ಬರ್ ಕೊಳವೆಯ (ಬೂಟ್) ಒಳಗಿಂದಲೇ. ಬೇರೆ ತೂತಿನಲ್ಲಿ ತೂರಿಸಿದ ವೈರ್ ದಿನಾ ಡೋರ್ ಬಡಿದು ಬಡಿದು ಸವೆದು ಶಾರ್ಟ್ ಆಗುತ್ತದೆ. ಪ್ಯಾಡ್ ಕೂರಿಸುವ ಮುನ್ನ ಗ್ಲಾಸಿನ ಮೇಲೆ ಎರಡು ಮಗ್ ನೀರು ಸುರಿದು, ಎಲ್ಲಿ ಹರಿಯುತ್ತದೆ ಅಂತ ಟಾರ್ಚ್ ಹಿಡಿದು ನೋಡಿ. ಐದು ನಿಮಿಷದ ಕೆಲಸ.

ಸದ್ದಿನ ವಿಚಾರಕ್ಕೆ ಬಂದರೆ, ಸ್ಪೀಕರಿನಲ್ಲಿ ಅದುರುವ ಕೋನಿನ ಹಿಂದಿನ ಸದ್ದು ತಗಡಿನ ತೂತುಗಳಿಂದ ಮುಂದಕ್ಕೆ ಬಂದು ಸೇರಿದರೆ ಬಾಸ್ ಸಾಯುತ್ತದೆ. ರಿಂಗಿನ ಸುತ್ತ ಫೋಮ್ ಟೇಪ್ ಹಾಕಿ, ಒಳತಗಡಿನ ದೊಡ್ಡ ತೂತುಗಳನ್ನು ಡ್ಯಾಂಪಿಂಗ್ ಶೀಟಿನಿಂದ (ತಗಡು ಅದುರದಂತೆ ಅಂಟಿಸುವ ದಪ್ಪ ಶೀಟು) ಮುಚ್ಚಿ. ಅದೇ ಉತ್ಸಾಹದಲ್ಲಿ ತಳದ ತೂತುಗಳನ್ನೂ ಮುಚ್ಚಿಬಿಟ್ಟ ಗಾಡಿಗಳು ನಮ್ಮಲ್ಲಿಗೆ ಬರುತ್ತವೆ, ಡೋರ್ ತೆಗೆದರೆ ಬುಳುಬುಳು ಸದ್ದು! ಪ್ಲಸ್ ಮೈನಸ್ ಗೊಂದಲವಾದರೆ 1.5 ವೋಲ್ಟಿನ ಸೆಲ್ ಒಮ್ಮೆ ತಾಗಿಸಿ. ಕೋನ್ ಹೊರಗೆ ನೆಗೆದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಒಂದು ಬದಿ ತಿರುವುಮುರುವಾದರೂ ಬಾಸ್ ಮಾಯ.

ವ್ಯಾಟಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಸ್ಟೀರಿಯೋ ಡಬ್ಬದ ಮೇಲೆ 50 ವ್ಯಾಟ್ ಅಂತ ಇದ್ದರೂ 14.4 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ ಸದ್ದು ಒಡೆಯದಂತೆ ಲೆಕ್ಕದ ಪ್ರಕಾರ ಸಿಗುವುದೇ ಹೆಚ್ಚೆಂದರೆ 26 ವ್ಯಾಟ್, ಕೈಗೆ ಸಿಗುವುದು ಇನ್ನೂ ಕಡಿಮೆ. ಆಂಪ್ಲಿಫೈಯರ್ ಹಾಕುವ ಯೋಚನೆ ಇಲ್ಲದಿದ್ದರೆ 300 ವ್ಯಾಟ್ ಅಂತ ಬರೆದ ಸ್ಪೀಕರಿಗೆ ದುಡ್ಡು ಸುರಿಯುವ ಬದಲು ಸೆನ್ಸಿಟಿವಿಟಿ (ಅಷ್ಟೇ ವ್ಯಾಟಿಗೆ ಎಷ್ಟು ಜೋರು ಸದ್ದು ಅನ್ನುವ ಅಳತೆ) 90 ಡೆಸಿಬಲ್‌ಗಿಂತ ಮೇಲಿರುವುದನ್ನು ಕೇಳಿ. ಸ್ಟೀರಿಯೋದಲ್ಲಿ ಹೈಪಾಸ್ ಫಿಲ್ಟರ್ (ತೀರಾ ತಗ್ಗಿನ ಸದ್ದು ಸ್ಪೀಕರಿಗೆ ಹೋಗದಂತೆ ತಡೆಯುವುದು) ಇದ್ದರೆ 80 ಹರ್ಟ್ಸ್‌ಗೆ ಇಡಿ.