ಕಾರಿನ ಕವರ್‌ಗೂ ಉಸಿರಾಡಲು ಬರಬೇಕು

ಮಳೆ ನೀರಿಗೆ ಕಾರಿನ ಬಣ್ಣ ಹಾಳಾಗುವುದಿಲ್ಲ. ಇದನ್ನು ಮೊದಲು ಒಪ್ಪಿಕೊಂಡರೆ ಅರ್ಧ ತಾಪತ್ರಯ ಅಲ್ಲೇ ಮುಗಿಯುತ್ತದೆ. ಆದರೆ ಮೇ ಕೊನೆ ಬಂತೆಂದರೆ ಚಿಕ್ಕಮಗಳೂರಿನಲ್ಲಿ ಕವರ್ ಕೊಳ್ಳಲು ಹೋದವರೆಲ್ಲ ಕೇಳುವುದು ಒಂದೇ ಮಾತು: “ನೀರು ಒಳಗೆ ಹೋಗಲ್ಲ ತಾನೇ?” ಒಳಗಿನ ನೀರು ಹೊರಗೆ ಹೋಗುತ್ತಾ ಅಂತ ಯಾರೂ ಕೇಳುವುದಿಲ್ಲ. ಬಣ್ಣ ಉಳಿಯುವುದು, ಕೆಡುವುದು ಎಲ್ಲ ಈ ಎರಡನೇ ಪ್ರಶ್ನೆಯ ಮೇಲೆ ನಿಂತಿದೆ.

ಬೆಳಗ್ಗೆ ಪ್ಲಾಸ್ಟಿಕ್ ಕವರ್ ಎತ್ತಿ ನೋಡಿ. ಒಳಮೈ ತುಂಬ ನೀರ ಹನಿ. ಬಾನೆಟ್ ಮೇಲೂ ತೇವ. ಕವರ್ ಸೋರಿದೆ ಅಂದುಕೊಂಡು ಜನ ಇನ್ನೂ ದಪ್ಪದ್ದನ್ನು ತರುತ್ತಾರೆ. ಮರುದಿನ ನೀರು ಇನ್ನೂ ಜಾಸ್ತಿ!

ಈ ನೀರು ಎಲ್ಲಿಂದ ಬಂತು? ಗಾಳಿಯಲ್ಲಿತ್ತು ಅನ್ನೋಣ ಅಂದರೆ ಲೆಕ್ಕ ಕೂಡುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. 15 ಡಿಗ್ರಿಗೆ ತಣ್ಣಗಾದರೆ ಸುಮಾರು 13 ಗ್ರಾಂ ಅಷ್ಟೆ. ಉಳಿದ 4 ಗ್ರಾಂ ಹನಿಯಾಗುತ್ತದೆ. ಸಣ್ಣ ಕಾರಿನ ಹೊಟ್ಟೆಯ ಕೆಳಗೆ ಇರುವ ಗಾಳಿ ಹೆಚ್ಚುಕಡಿಮೆ ಒಂದು ಘನ ಮೀಟರ್. ಅಂದರೆ ಒಂದು ಚಮಚದಷ್ಟೂ ನೀರು ಸಿಗುವುದಿಲ್ಲ. ಇಡೀ ಕವರ್ ಒದ್ದೆಯಾಗಲು ಇಷ್ಟು ಸಾಲದು.

ನೀರು ಬರುವುದು ನೆಲದಿಂದ. ಮಲೆನಾಡಿನ ಅಂಗಳದ ಮಣ್ಣು, ಹುಲ್ಲು, ಸಿಮೆಂಟು ಎಲ್ಲವೂ ಜೂನ್‌ನಿಂದ ನೀರು ಕುಡಿದು ಕೂತಿರುತ್ತವೆ. ಅಲ್ಲಿಂದ ನೀರಾವಿ ಏಳುತ್ತದೆ, ತಣ್ಣಗಿನ ಕವರಿಗೆ ತಾಗಿ ಹನಿಯಾಗುತ್ತದೆ. ಗಾಳಿಯಲ್ಲಿ ಆವಿ ಕಡಿಮೆಯಾಯಿತು ಅನ್ನುವಷ್ಟರಲ್ಲಿ ನೆಲ ಮತ್ತೆ ತುಂಬಿಸುತ್ತದೆ. ರಾತ್ರಿಯಿಡೀ ಇದೇ ಕೆಲಸ. ಕಾಫಿ ಒಣಗಿಸುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಣದಲ್ಲಿ ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಿದರೆ ಬೆಳಗ್ಗೆ ಅದರ ಒಳಮೈ ಬೆವೆತಿರುತ್ತದೆ. ಬಿಸಿಲು ಬಿದ್ದ ಕೂಡಲೇ ಟಾರ್ಪಾಲ್ ತೆಗೆದು ಹರಡದಿದ್ದರೆ ಬೂಸ್ಟು ಹಿಡಿಯುತ್ತದೆ ಅಂತ ಅವರಿಗೆ ಗೊತ್ತು. ಅದೇ ಮನೆಯವರು ಅಂಗಳದ ಕಾರಿಗೆ ಮಾತ್ರ ವಾರಗಟ್ಟಲೆ ಕವರ್ ಬಿಗಿದಿರುತ್ತಾರೆ.

ಕವರ್ ಸುತ್ತಲಿನ ಗಾಳಿಗಿಂತ ತಣ್ಣಗೆ ಏಕಾಗುತ್ತದೆ? ಇಲ್ಲಿ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ಲಂಡನ್ನಿನ ವೈದ್ಯನ ಕಥೆ ಹೇಳಲೇಬೇಕು. ಇಬ್ಬನಿ ಆಕಾಶದಿಂದ ಬೀಳುತ್ತದೆ, ಇಲ್ಲವೇ ಭೂಮಿಯೊಳಗಿಂದ ಉಕ್ಕುತ್ತದೆ ಅಂತ ಜನ ವಾದ ಮಾಡುತ್ತಿದ್ದ ಕಾಲ. ವೆಲ್ಸ್ ರಾತ್ರಿ ಹೊತ್ತು ತೋಟದಲ್ಲಿ ಕೂತು, ತೂಕ ಮಾಡಿದ ಉಣ್ಣೆಯ ಎಳೆಗಳನ್ನು ಅಲ್ಲಲ್ಲಿ ಇಟ್ಟು, ಎಷ್ಟು ಇಬ್ಬನಿ ಹಿಡಿದಿವೆ ಅಂತ ಮತ್ತೆ ತೂಗಿ ನೋಡುತ್ತಿದ್ದ. ಒಮ್ಮೆ ಹುಲ್ಲಿನ ಮೇಲೆ ನಾಲ್ಕು ಕಡ್ಡಿ ನೆಟ್ಟು, ಆರು ಇಂಚು ಎತ್ತರದಲ್ಲಿ ತೆಳುವಾದ ಒಂದು ಕರವಸ್ತ್ರ ಬಿಗಿದ. ಅದರಡಿಯ ಹುಲ್ಲು ಪಕ್ಕದ ಬಯಲು ಹುಲ್ಲಿಗಿಂತ ಹಲವು ಡಿಗ್ರಿ ಬೆಚ್ಚಗಿತ್ತು. ಅಷ್ಟು ತೆಳು ಬಟ್ಟೆ ಯಾವ ಚಳಿಯನ್ನು ತಡೆದೀತು? ವೆಲ್ಸ್‌ಗೆ ಹೊಳೆದದ್ದು ಇದು: ಬಯಲಿನಲ್ಲಿರುವ ಪ್ರತಿ ವಸ್ತುವೂ ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಸೂಸುತ್ತಿರುತ್ತದೆ. ಮೋಡವಿಲ್ಲದ ಆಕಾಶದಿಂದ ಅಷ್ಟು ಶಾಖ ವಾಪಸ್ ಬರುವುದಿಲ್ಲ. ವಸ್ತು ಗಾಳಿಗಿಂತಲೂ ತಣ್ಣಗಾಗುತ್ತದೆ, ಪಕ್ಕದ ನೀರಾವಿ ಅದರ ಮೈಮೇಲೇ ಹನಿಗಟ್ಟುತ್ತದೆ. 1814ರಲ್ಲಿ ಅವನು ಇಬ್ಬನಿಯ ಬಗ್ಗೆ ಬರೆದ ಪ್ರಬಂಧ ಅಚ್ಚಾಯಿತು. ಇನ್ನೂರು ವರ್ಷ ದಾಟಿದ ಮೇಲೂ ನಮ್ಮಲ್ಲಿ ಎಷ್ಟೋ ಜನ, ಇಬ್ಬನಿ ಮೇಲಿನಿಂದ ಬೀಳುತ್ತದೆ, ಅದಕ್ಕೊಂದು ಹೊದಿಕೆ ಅಡ್ಡ ಇಟ್ಟರೆ ಸಾಕು ಅಂದುಕೊಂಡಿದ್ದಾರಲ್ಲ ಅಂತ ನನಗೆ ನಿಜಕ್ಕೂ ಬೇಸರವಾಗುತ್ತದೆ.

ನೀರು ಹೋಗದ ಬಟ್ಟೆಯ ಕಥೆ ಶುರುವಾಗುವುದೂ ಅದೇ ಕಾಲದಲ್ಲಿ. 1823ರಲ್ಲಿ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಪದರ ಬಟ್ಟೆಯ ನಡುವೆ ರಬ್ಬರ್ ಅಂಟಿಸಿ ಪೇಟೆಂಟ್ ಪಡೆದ. ಮಳೆ ನೀರು ಹೊರಗೇ ನಿಂತಿತು, ಆದರೆ ಆ ಬಟ್ಟೆ ತೊಟ್ಟವರು ಒಳಗೇ ಬೆವರಿ ಒದ್ದೆಯಾದರು. ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು 1969ರಲ್ಲಿ. ಅಮೆರಿಕದ ಎಂಜಿನಿಯರ್ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಸರಕ್ಕನೆ ಎಳೆದಾಗ ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳಾದವು. ನೀರಿನ ಹನಿ ಆ ರಂಧ್ರದಲ್ಲಿ ತೂರುವುದಿಲ್ಲ. ಆವಿಯ ಅಣು ತುಂಬಾ ಸಣ್ಣದು, ಸಲೀಸಾಗಿ ದಾಟುತ್ತದೆ. ಒಳ್ಳೆಯ ಕಾರ್ ಕವರ್‌ಗಳ ಬಟ್ಟೆ ಬೇರೆ ಇರಬಹುದು, ಕೆಲಸ ಮಾಡುವ ಬಗೆ ಇದೇ. ಉಸಿರಾಡುವ ಬಟ್ಟೆ ಅನ್ನುವುದು ಇದಕ್ಕೇ.

ಇನ್ನು ತೇವ ಬಣ್ಣಕ್ಕೆ ಏನು ಮಾಡುತ್ತದೆ? ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಗಾಜಿನಂತೆ ಕಂಡರೂ ಅದು ಪ್ಲಾಸ್ಟಿಕ್ ಜಾತಿಯದು. ನೀರಿನ ಅಣುಗಳು ಅದರೊಳಗೆ ನಿಧಾನವಾಗಿ ಇಳಿಯುತ್ತವೆ. ಬಿಟ್ಟು ಬಿಟ್ಟು ಬರುವ ಮಳೆಯಲ್ಲಿ ಒಣಗಲು ಸಮಯವಿದೆ. ಬಿಗಿದ ಕವರಿನಡಿ ಅದಿಲ್ಲ. ಬಣ್ಣದ ಕೆಳಗೆ ಎಲ್ಲಾದರೂ ಉಪ್ಪಿನ ಅಂಶ ಉಳಿದಿದ್ದರೆ ಅದು ನೀರನ್ನು ಎಳೆದುಕೊಂಡು ಸಣ್ಣ ಸಣ್ಣ ಗುಳ್ಳೆ ಏಳುತ್ತದೆ. ಟಿಂಕರಿಂಗ್ ಮಾಡಿಸಿ ಹೊಸದಾಗಿ ಬಣ್ಣ ಹೊಡೆಸಿದ ಭಾಗಕ್ಕಂತೂ ಜಾಸ್ತಿ ಅಪಾಯ. ಕಾರ್ಖಾನೆಯಲ್ಲಿ ಕ್ಲಿಯರ್ ಕೋಟನ್ನು 140 ಡಿಗ್ರಿ ಆಸುಪಾಸು ಬೇಯಿಸುತ್ತಾರೆ, ಗ್ಯಾರೇಜಿನ ಪೇಂಟ್ ಬೂತ್‌ನಲ್ಲಿ ಸುಮಾರು 60 ಡಿಗ್ರಿ. ರಸ್ತೆ ಬದಿಯ ಶೆಡ್ಡಿನಲ್ಲಿ ಬರೀ ಗಾಳಿಯಲ್ಲಿ ಒಣಗಬೇಕು. ಕೈಗೆ ಒಣಗಿದಂತೆ ಸಿಕ್ಕರೂ ಒಳಗಿನ ದ್ರಾವಕ ಪೂರ್ತಿ ಹೊರಬರಲು ವಾರಗಳು ಬೇಕು. ಅಂಥ ಕಾರಿಗೆ ಒಂದು ತಿಂಗಳಾದರೂ ಕವರ್ ಬೇಡ.

ಕವರೇ ಬೇಡ ಅನ್ನುತ್ತಿಲ್ಲ. ಬಿಸಿಲಿನ ನೇರಳಾತೀತ ಕಿರಣ, ಹಲಸಿನ ಅಂಟು, ಹಕ್ಕಿಯ ಹಿಕ್ಕೆ ಇವುಗಳಿಂದ ಕವರ್ ನಿಜವಾಗಿಯೂ ಕಾಪಾಡುತ್ತದೆ. ಆದರೆ ಒರೆಸದ ಹಿಕ್ಕೆಯ ಮೇಲೆ ಕವರ್ ಎಳೆದರೆ ಅದರ ಆಮ್ಲ ತೇವದಲ್ಲಿ ಬಣ್ಣವನ್ನು ತಿನ್ನುತ್ತಲೇ ಇರುತ್ತದೆ. ಆಯುಧಪೂಜೆಯ ಹಾರ, ಕುಂಕುಮದ ಮೇಲೆ ಹೊದಿಸಿದರೂ ಕಲೆ ಕೂರುತ್ತದೆ. ಹಾರ ತೆಗೆದರೆ ಅಪಶಕುನ ಅಂತ ಒಣಗಿ ಕಪ್ಪಾಗುವ ತನಕ ಬಿಡುವವರಿದ್ದಾರೆ. ತೆಗೆಯಿರಿ, ಏನೂ ಕೇಡಾಗುವುದಿಲ್ಲ.

ಕಡೂರು, ಅರಸೀಕೆರೆ ಕಡೆಯವರಿಗೆ ತೇವದ ಚಿಂತೆ ಕಡಿಮೆ, ಧೂಳಿನದು ಹೆಚ್ಚು. ಕ್ಲಿಯರ್ ಕೋಟ್‌ನ ದಪ್ಪ 40ರಿಂದ 50 ಮೈಕ್ರಾನ್ ಇದ್ದರೆ ಹೆಚ್ಚು, ತಲೆಗೂದಲಿಗಿಂತ ತೆಳು. ಧೂಳಿನಲ್ಲಿರುವ ಬಿಳಿಕಲ್ಲಿನ ಪುಡಿ, ಅಂದರೆ ಕ್ವಾರ್ಟ್ಜ್, ಮೋಸ್ ಗಡಸುತನದ ಅಳತೆಯಲ್ಲಿ 7. ಗಾಜನ್ನೇ ಗೀರುವ ಕಾಳು ಅದು. ಧೂಳು ಹಿಡಿದ ಕಾರಿಗೆ ಸಡಿಲ ಕವರ್ ಹೊದಿಸಿ, ಗಾಳಿ ಬೀಸಿ, ಅದು ರಾತ್ರಿಯಿಡೀ ಪಟಪಟ ಬಡಿದುಕೊಂಡರೆ? ಬೆಳಗ್ಗೆ ಕನ್ನಡಿಯ ಸುತ್ತ, ಬಂಪರ್ ಮೂಲೆ, ಡಿಕ್ಕಿಯ ಅಂಚು ನೋಡಿ. ಓರೆ ಬಿಸಿಲಿನಲ್ಲಿ ಜೇಡರ ಬಲೆಯಂಥ ಗೀರುಗಳು ಕಾಣುತ್ತವೆ. ಹಾಗಾಗಿ ಕಾರು ತೊಳೆದು, ಒಣಗಿಸಿ, ಎಂಜಿನ್ ಆರಿದ ಮೇಲೆ ಅಳತೆಗೆ ಸರಿಯಾದ ಕವರ್ ಹಾಕಿ, ಹೊಟ್ಟೆಯ ಕೆಳಗೆ ಪಟ್ಟಿ ಬಿಗಿಯಿರಿ. ತೊಳೆಯಲು ಹೊತ್ತಿಲ್ಲವೇ? ಆ ದಿನ ಕವರ್ ಹಾಕಬೇಡಿ. ಸುಮ್ನೆ ಕೂತ ಧೂಳು ಗೀರುವುದಿಲ್ಲ.

ತೆಗೆಯುವಾಗ ಎಳೆಯಬೇಡಿ. ಒಂದು ಪಕ್ಕದ ಇಳಿಬಿದ್ದ ಭಾಗವನ್ನು ಎತ್ತಿ ಟಾಪ್ ಮೇಲೆ ಮಡಚಿ, ಇನ್ನೊಂದು ಪಕ್ಕವನ್ನೂ ಹಾಗೇ. ಈಗ ಕವರಿನ ಕೊಳೆ ಹೊರಮೈ ತನ್ನ ಹೊರಮೈಗೇ ತಾಗಿರುತ್ತದೆ. ಆಮೇಲೆ ಹಿಂದಿನಿಂದ ಮುಂದಕ್ಕೆ ಚಾಪೆಯ ಹಾಗೆ ಸುತ್ತುತ್ತಾ ಬನ್ನಿ. ಬಣ್ಣಕ್ಕೆ ತಾಗುವ ಒಳಮೈಗೆ ಧೂಳು ಸೋಕುವುದೇ ಇಲ್ಲ. ಕವರನ್ನು ನೆಲಕ್ಕೆ ಹಾಕಿ ಮಡಚಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ.

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಮಳೆಗಾಲಕ್ಕೆ ಮಾತ್ರ ಯಾವ ಕವರನ್ನೂ ನಾನು ಹೇಳುವುದಿಲ್ಲ. ಉಸಿರಾಡುವ ಬಟ್ಟೆಯೂ ಆವಿಯನ್ನು ಹೊರಗೆ ಬಿಡಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಜುಲೈ ತಿಂಗಳಲ್ಲಿ ಅದೆಲ್ಲಿ ಸಿಗುತ್ತದೆ? ನಾಲ್ಕು ಕಂಬ, ಮೇಲೊಂದು ಶೀಟು, ಸುತ್ತ ಬಯಲು, ಅಷ್ಟು ಸಾಕು. ವೆಲ್ಸ್ ಬಿಗಿದ ಕರವಸ್ತ್ರ ಹುಲ್ಲಿಗೆ ತಾಗಿಯೇ ಇರಲಿಲ್ಲ. ಶೀಟೂ ಹಾಗೇ: ಆಕಾಶಕ್ಕೆ ಶಾಖ ಹೋಗುವುದನ್ನು ತಡೆಯುತ್ತದೆ, ಬಣ್ಣವನ್ನು ಮುಟ್ಟುವುದಿಲ್ಲ. ಕೆಳಗೆ ಗಾಳಿ ಆಡುತ್ತಿರುತ್ತದೆ. ಶೆಡ್ಡಿಗೆ ಜಾಗವಿಲ್ಲದವರು ಅಕ್ಟೋಬರ್ ತನಕ ಕವರನ್ನು ಒಳಗಿಟ್ಟು, ಕಾರನ್ನು ಮಳೆಯಲ್ಲೇ ನಿಲ್ಲಿಸಿ.